ಕೆಳಗಿನ ಎಡಮೂಲೆಯ ಸಾಧನೆ

ಫೋಟೋ ತೆಗೆಯುವುದು ಕಷ್ಟದ ವಿದ್ಯೆಯಲ್ಲ ಎಂದೇ ನಾನು ತಿಳಿದಿದ್ದೆ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಪೀನ ಮಸೂರ, ನಿಮ್ನ ಮಸೂರ, ತಲೆಕೆಳಗಾದ ಬಿಂಬ, ಇವನ್ನೆಲ್ಲ ಹಲಗೆಯ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ಕ್ಯಾಮೆರಾ ಎಂದರೆ ಅದೇ ಪಾಠಕ್ಕೆ ಕೊರಳಪಟ್ಟಿ ಹಚ್ಚಿದ ಹಾಗೆ, ಅಷ್ಟೇ ತಾನೇ? ಹಾಗಾಗಿ ನನ್ನ ತಮ್ಮ, ಗುಡ್ಡ ಹತ್ತುವ ಹುಚ್ಚು ಇಳಿದ ಮೇಲೆ, ತನ್ನ ದೊಡ್ಡ ಕ್ಯಾಮೆರಾ ತಂದು "ಅಕ್ಕಾ, ಇದನ್ನ ನೀನ ಇಟ್ಗೊ" ಎಂದಾಗ ನಾನು ಬೇಡ ಅನ್ನಲಿಲ್ಲ.

ಅನ್ನಬೇಕಾಗಿತ್ತು.

ರವಿವಾರದ ಫೋಟೋ ಕ್ಲಾಸಿಗೆ ಸೇರಿದೆ. ಕಲಿಸುವವರು ಚಿಕ್ಕ ವಯಸ್ಸಿನ ತರುಣ. ಗಡ್ಡ ಮಾತ್ರ ಋಷಿಗಳದ್ದು. ನಾವೆಲ್ಲ ತೆಗೆದುಕೊಂಡು ಹೋಗಿದ್ದ ಫೋಟೋಗಳನ್ನು ನೋಡಿ ಅವರು ನಿಟ್ಟುಸಿರು ಬಿಟ್ಟರು.

"ನೀವು ಎಲ್ಲಾರೂ ನಡೂಕ ಅಷ್ಟ ನೋಡ್ತೀರಿ. ಮಂದಿ ನಡೂಕ, ಹೂವು ನಡೂಕ, ನಾಯಿ ನಡೂಕ. ಉಳಿದ ಜಾಗಾ ಏನ್ ಪಾಪ ಮಾಡೈತ್ರಿ? ಈ ವಾರ ಒಬ್ಬೊಬ್ಬರೂ ಚೌಕಟ್ಟಿನ ಒಂದೊಂದು ಭಾಗ ಆರಿಸ್ಕೊರ್ರಿ. ಅದರ ಮ್ಯಾಲೆ ಅಷ್ಟ ಲಕ್ಷ್ಯ ಇಡ್ರಿ. ಕೈ ಪಳಗೂತನಕ ಬ್ಯಾರೆ ಕಡೆ ಕಣ್ಣು ಹೋಗಬಾರದು."

ಒಬ್ಬರು ಮೇಲಿನ ಅಂಚು ಅಂದರು, ಇನ್ನೊಬ್ಬರು ಬಲಗಡೆ ಅಂದರು. ಕೆಳಗಿನ ಎಡಮೂಲೆಯನ್ನು ಯಾರೂ ಕೇಳಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಕೈ ಎತ್ತುವ ಹುಡುಗಿಯಾಗಿದ್ದೆ ನಾನು ಶಾಲೆಯಲ್ಲಿ. ಆ ಚಟ ಇನ್ನೂ ಬಿಟ್ಟಿಲ್ಲ.

"ಟೀಚರ್, ಅದು ಭಾಳ ಕಠಿಣ ಮೂಲಿ ನೋಡ್ರಿ" ಎಂದು ಅವರು ಎಚ್ಚರಿಸಿದರು.

"ಕಠಿಣ ಅಂತನ ತಗೊಂಡೇನಿ ಸರ್" ಎಂದೆ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಮುಂದೆ ನಡೆದದ್ದಕ್ಕೆಲ್ಲ ಆ ಚಪ್ಪಾಳೆಯೇ ಹೊಣೆ.

ಮೊದಲ ಪ್ರಯೋಗಕ್ಕೆ ಸಿಕ್ಕವರು ನಮ್ಮ ಮನೆಯವರು. ಅವರದು ಕಾಳಿನ ವ್ಯಾಪಾರ. ಅಂಗಡಿಗೆ ಹೊರಡುವ ಮುಂಚೆ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಾನು ಹಿಂದೆ ಸರಿದು, ಬಾಗಿ, ಬಾಗಿಲಿಗೆ ಬೆನ್ನು ಹಚ್ಚಿ, ಅವರನ್ನು ಎಡಮೂಲೆಗೆ ತಂದು ಕೂರಿಸಿದೆ. ಕ್ಲಿಕ್! ತೋರಿಸಿದೆ. ಅವರು ಕನ್ನಡಕ ಏರಿಸಿ ಹುಡುಕಿದರು.

"ನಾ ಎಲ್ಲಿ ಅದೇನಿ?"

"ಕೆಳಗ. ಎಡಕ."

"ಇದು ನನ್ನ ಕಿವಿ ಏನು?"

"ಕಿವಿ, ಮತ್ತ ಅರ್ಧಾ ಗಲ್ಲ."

"ಉಳಿದದ್ದು?"

"ಉಳಿದದ್ದು ಖಾಲಿ ಜಾಗಾ ರೀ. ಖಾಲಿ ಜಾಗಾ ಇದ್ರ ಫೋಟೋ ಉಸಿರಾಡತೈತಿ."

ಅವರು ಇನ್ನೊಂದು ಸಲ ನೋಡಿದರು. "ಗ್ವಾಡಿಗೆ ಸುಣ್ಣ ಹಚ್ಚಬೇಕಾಗೈತಿ" ಎಂದು ಎದ್ದು ಹೋದರು.

ಎರಡನೆಯ ಪ್ರಯೋಗಕ್ಕೆ ಕೆಲಗೇರಿ ಕೆರೆಗೆ ಹೋದೆ. ಬೆಳಗಿನ ಹೊತ್ತು. ದಂಡೆಯ ಮೇಲೆ ಒಂದು ಬೆಳ್ಳಕ್ಕಿ ನಿಂತಿತ್ತು. ಅದನ್ನು ಎಡಮೂಲೆಗೆ ತರಬೇಕಾದರೆ ಕ್ಯಾಮೆರಾ ನೆಲಕ್ಕೆ ಸಮ ಇರಬೇಕು. ಕ್ಯಾಮೆರಾ ನೆಲಕ್ಕೆ ಸಮ ಇರಬೇಕಾದರೆ ನಾನೂ ನೆಲಕ್ಕೆ ಸಮ ಇರಬೇಕು. ಸೀರೆ ಸಾವರಿಸಿಕೊಂಡು ಹೊಟ್ಟೆಯ ಮೇಲೆ ಮಲಗಿದೆ. ಉಸಿರು ಬಿಗಿ ಹಿಡಿದು ಮೂಲೆಯನ್ನೇ ನೋಡತೊಡಗಿದೆ.

ಹಿಂದಿನಿಂದ ಚಪ್ಪಲಿಗಳ ಸದ್ದು ಕೇಳಿಸಿತು.

"ಅಯ್ಯ, ಯಾರೋ ಬಿದ್ದಾರ ನೋಡ್ರಿ!"

"ಜೀವ ಐತೇನ್ರಿ?"

ಜೀವ ಇತ್ತು. ಆದರೆ ಹೇಳುವ ಹಾಗಿರಲಿಲ್ಲ. ಮಾತಾಡಿದರೆ ಬೆಳ್ಳಕ್ಕಿ ಹಾರುತ್ತದೆ. ಕಾಲನ್ನು ಸ್ವಲ್ಪ ಅಲ್ಲಾಡಿಸಿ ಸಂಜ್ಞೆ ಮಾಡಿದೆ. ಅದೇ ತಪ್ಪಾಯಿತು.

"ಕಾಲು ಸೆಟದಾವ! ಫಿಟ್ಸ್ ಬಂದಾವ! ಕಬ್ಬಿಣ ಕೊಡ್ರಿ ಕೈಯಾಗ!" ಎಂದು ಒಬ್ಬ ಕಾಕಾ ಕೂಗಿದರು. ಯಾರೋ ಓಡಿ ಬಂದು ಬೀಗದ ಕೈಗಳ ಗೊಂಚಲನ್ನು ನನ್ನ ಅಂಗೈಗೆ ತುರುಕಿದರು. ಇನ್ನೊಬ್ಬರು ಬಾಟಲಿಯ ನೀರನ್ನು ನೆತ್ತಿಯ ಮೇಲೆ ಸುರಿದರು. ನಾನು "ಏಯ್!" ಎಂದು ಚೀರಿ ಎದ್ದು ಕೂತೆ. ಬೆಳ್ಳಕ್ಕಿ ಹಾರಿಹೋಯಿತು. ಸುತ್ತ ನಿಂತವರು "ಕಬ್ಬಿಣದ ಗುಣ ನೋಡ್ರಿ!" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ನಮ್ಮತ್ತೆ ಶಾಂತವ್ವ ಬಾಗಿಲಲ್ಲೇ ನಿಂತಿದ್ದರು. ನನ್ನ ಕೆಸರು ಸೀರೆ, ಒದ್ದೆ ತಲೆ, ಕೊರಳಿನ ಕ್ಯಾಮೆರಾ ನೋಡಿ ಅವರು ಕೇಳಿದ್ದು ಒಂದೇ ಮಾತು: "ಹಕ್ಕಿ ಬಂತೇನವಾ?"

"ಇಲ್ರಿ ಅತ್ತಿ. ಒಂದು ಎಲಿ ಬಂದೈತಿ."

ಆದರೆ ಆ ಎಲೆ ಕೆಳಗಿನ ಎಡಮೂಲೆಯಲ್ಲಿ ಬಂದಿತ್ತು! ರವಿವಾರ ಅದನ್ನು ನೋಡಿ ಫೋಟೋ ಮಾಸ್ತರು ಗಡ್ಡ ನೀವಿಕೊಂಡರು. "ಮೂಲಿ ಹಿಡದೀರಿ ಟೀಚರ್. ಛಲೋ ಹಿಡದೀರಿ. ಇನ್ನ ಮುಂದಿನ ಪಾಠ." ಕ್ಯಾಮೆರಾದ ಕಿಂಡಿಯೊಳಗೆ ನಡುವೆ ಒಂದು ಪುಟ್ಟ ಕೆಂಪು ಚೌಕ ಕಾಣುತ್ತದೆ, ಆ ಚೌಕ ಎಲ್ಲಿರುತ್ತದೋ ಅಲ್ಲಿಯ ವಸ್ತು ಮಾತ್ರ ಸ್ಪಷ್ಟವಾಗಿ ಮೂಡುತ್ತದೆ, ಉಳಿದದ್ದು ಮಸುಕಾಗುತ್ತದೆ ಎಂದು ವಿವರಿಸಿದರು. ಗುಂಡಿ ಒತ್ತಿ ಒತ್ತಿ ಆ ಚೌಕವನ್ನು ನನ್ನ ಮೂಲೆಗೆ ತಳ್ಳಿಸಿದರು. ಲೆನ್ಸಿನ ಕಣ್ಣನ್ನು ಪೂರ್ತಿ ತೆರೆಸಿದರು. ಮಸುಕು ಇನ್ನೂ ಚೆನ್ನಾಗಿ ಬರುತ್ತದಂತೆ. ಆಮೇಲೆ ಚೌಕವನ್ನು ನಡುವಿಗೆ ಮರಳಿ ತರುವುದು ಹೇಗೆಂದೂ ಹೇಳಿದರು. ಆ ಹೊತ್ತಿಗೆ ಪಕ್ಕದಲ್ಲಿದ್ದ ಹೆಣ್ಣುಮಗಳು ನನ್ನ ಎಲೆಯನ್ನು ಹೊಗಳುತ್ತಿದ್ದಳು. ನಾನು ಎಲೆಯ ಕಡೆ ಇದ್ದೆ.

ಆ ವಾರವೇ ಹುಬ್ಬಳ್ಳಿಯಿಂದ ನಾದಿನಿ ಸರೋಜಾಳ ಫೋನು ಬಂತು. ಅವಳ ಮನೆ ಕಮರಿಪೇಟೆಯಲ್ಲಿ. ಅವಳ ಮಗಳು ಅಶ್ವಿನಿಯ ಕೂಸಿಗೆ ತೊಟ್ಟಿಲ ಕಾರ್ಯಕ್ರಮ ಇಟ್ಟಿದ್ದಳು.

"ಫೋಟೋದವನಿಗೆ ಹೇಳಬೇಕಂತ ಮಾಡೇನಿ ವೈನಿ" ಎಂದಳು.

"ಮನ್ಯಾಗ ನಾ ಇರೂವಾಗ ಹೊರಗಿನವ್ರು ಯಾಕಬೇಕ?" ಎಂದೆ. ನನ್ನ ಧ್ವನಿಯಲ್ಲಿ ಎಷ್ಟು ಗಾಂಭೀರ್ಯ ಇತ್ತೆಂದರೆ ಅವಳು ನಂಬಿಬಿಟ್ಟಳು. ಮನೆಯವರು ಪಕ್ಕದಲ್ಲೇ ಕೂತು ಬೇಡ ಬೇಡ ಎಂದು ಕೈ ಬೀಸುತ್ತಿದ್ದರು. ನೊಣ ಹೊಡೆಯುತ್ತಿದ್ದಾರೆಂದು ತಿಳಿದೆ.

ಇಲ್ಲಿ ನಮ್ಮತ್ತೆಯ ತಂಗಿ ನೀಲವ್ವನ ಸಂಗತಿ ಹೇಳಬೇಕು. ಅವರು ಹೆಬ್ಬಳ್ಳಿಯವರು. ಅಕ್ಕ ತಂಗಿಗೆ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ನಮ್ಮ ಮನೆಯ ಒಂದು ಮದುವೆಯಲ್ಲಿ ನೀಲವ್ವನ ಮನೆಯವರನ್ನು ಎರಡನೇ ಪಂಕ್ತಿಗೆ ಕೂರಿಸಿದ್ದೇ ಕಾರಣ. ಅವತ್ತು ನೀಲವ್ವ ಉಣ್ಣದೆ ಎದ್ದು ಹೋದವರು ಅಕ್ಕನ ಕೂಡ ಮತ್ತೆ ಮಾತಾಡಲಿಲ್ಲ. ಕಾರ್ಯಗಳಲ್ಲಿ ಇಬ್ಬರೂ ಎದುರಾದರೆ ನಡುವೆ ನಾನು ಬೇಕಾಗುತ್ತಿದ್ದೆ. "ಉಮಾ, ಆಕೀಗೆ ಹೇಳು, ಫ್ಯಾನಿನ ಕೆಳಗ ಕುಂದ್ರು ಅಂತ." "ಉಮಾ, ಅವರಿಗೆ ಹೇಳು, ನನಗ ಗಾಳಿ ಆಗಂಗಿಲ್ಲ ಅಂತ." ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ನನ್ನ ಮುಖಾಂತರ ಮಾತಾಡುತ್ತಿದ್ದರು. ಕುಟುಂಬದ ಯಾವ ಫೋಟೋದಲ್ಲೂ ಅವರು ಅಕ್ಕಪಕ್ಕ ನಿಂತದ್ದಿಲ್ಲ. ಒಬ್ಬರು ಈ ತುದಿ, ಒಬ್ಬರು ಆ ತುದಿ, ನಡುವೆ ನಲವತ್ತು ಮಂದಿ.

ಇದೆಲ್ಲ ಗೊತ್ತಿದ್ದ ಸರೋಜಾ, ತೊಟ್ಟಿಲಿಗೆ ಇಬ್ಬರಿಗೂ ಒಂದೇ ಬಣ್ಣದ ಒಂದೇ ಅಂಚಿನ ಕೆಂಪು ಇಳಕಲ್ ಸೀರೆ ಉಡಿಸಿದಳು. ನನ್ನದು ಹೆಚ್ಚು ನಿನ್ನದು ಕಡಿಮೆ ಅನ್ನಲು ದಾರಿಯೇ ಇರಬಾರದು ನೋಡಿ!

ಕಾರ್ಯಕ್ರಮದ ದಿನ ನಾನು ಬಾಗಿಲಲ್ಲೇ ಒಂದು ಆಜ್ಞೆ ಹೊರಡಿಸಿದೆ: "ಮೊಬೈಲ್ ಎಲ್ಲಾರೂ ಒಳಗ ಇಡ್ರಿ. ಒಬ್ಬರು ಆ ಕಡೆ ಕರದ್ರ, ಒಬ್ಬರು ಈ ಕಡೆ ಕರದ್ರ, ಮಂದಿ ಯಾವ ಕಡೆ ನೋಡಬೇಕು? ಫೋಟೋ ಅಷ್ಟೂ ನಾನ ತಗೀತೇನಿ." ಟೀಚರ ಮಾತು, ಎಲ್ಲರೂ ಮೊಬೈಲ್ ತೆಗೆದು ಕಪಾಟಿನಲ್ಲಿಟ್ಟರು. ಅಶ್ವಿನಿ ಮಾತ್ರ "ಮಾಮಿ, ಒಂದ ಇರಲಿ?" ಎಂದಳು. "ಬ್ಯಾಡ" ಎಂದೆ.

ಹೆಸರಿಡುವ ಹೊತ್ತು ಬಂತು. ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಪ್ರೀತಿಯ ಗುದ್ದೇ, ಆದರೆ ಪೆಟ್ಟು ಪೆಟ್ಟೇ. ಕೂಸಿನ ಸೋದರತ್ತೆ ಚುರುಕಿನ ಹುಡುಗಿ. ಹೆಸರು ಹೇಳಿದವಳೇ ಪಕ್ಕಕ್ಕೆ ಜಿಗಿದಳು. ನೀಲವ್ವ ಎತ್ತಿದ ಕೈ ಇಳಿಯುವ ಹೊತ್ತಿಗೆ ಅಲ್ಲಿ ಹುಡುಗಿ ಇರಲಿಲ್ಲ. ತೊಟ್ಟಿಲಿಗೆ ಬಾಗಿ ಕೂಸನ್ನು ನೋಡುತ್ತಿದ್ದ ನಮ್ಮತ್ತೆ ಇದ್ದರು.

ಧಡ್!

ಅತ್ತೆ ನಿಧಾನಕ್ಕೆ ಹಿಂದಕ್ಕೆ ತಿರುಗಿದರು.

"ಯಾರ ಅದು?"

ನೀಲವ್ವನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅತ್ತೆ ಆ ಕೈ ನೋಡಿದರು, ಕೈಯ ಹಿಂದಿನ ಮುಖ ನೋಡಿದರು. ಆಮೇಲೆ, ಯಾರ ಮುಖಾಂತರವೂ ಅಲ್ಲದೆ, ನೇರವಾಗಿ ಹೇಳಿದರು: "ನೀಲಾ, ಸಣ್ಣಾಕಿದ್ದಾಗೂ ನಿನ್ನ ಕೈ ಇಷ್ಟ ಜಡಾ ಇತ್ತಲ್ಲ!"

"ನಿನ್ನ ಡುಬ್ಬಾನೂ ಹಂಗ ಐತಲ್ಲ ಅಕ್ಕಾ, ಕಲ್ಲು!" ಎಂದರು ನೀಲವ್ವ.

ಇಬ್ಬರೂ ನಕ್ಕರು. ನಗುತ್ತ ನಗುತ್ತ ತೊಟ್ಟಿಲಿನ ಅಂಚು ಹಿಡಿದುಕೊಂಡರು. ನೀಲವ್ವ ಅಕ್ಕನ ಬೆನ್ನು ತಿಕ್ಕತೊಡಗಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸರೋಜಾ ಗೊಳೋ ಎಂದು ಅತ್ತೇ ಬಿಟ್ಟಳು. ಇಡೀ ಕುಟುಂಬ ಬಾಯಿ ತೆರೆದು ನೋಡುತ್ತಿತ್ತು.

ಆ ಗಳಿಗೆಯಲ್ಲಿ ಛಾಯಾಗ್ರಾಹಕಿ ಎಲ್ಲಿದ್ದಳು? ಪಡಸಾಲೆಯ ಆ ತುದಿಯಲ್ಲಿ ಮಂಡಿಯೂರಿ ಬಾಳೆಗೊನೆಯನ್ನು ಎಡಮೂಲೆಗೆ ಹೊಂದಿಸುತ್ತಿದ್ದಳು.

"ಉಮಾ! ಲಗೂ ಬಾ! ಫೋಟೋ!" ಎಂದು ಮನೆಯವರು ಕೂಗಿದರು. ಓಡಿ ಬಂದೆ. ಅಕ್ಕ ತಂಗಿಯನ್ನು ತೊಟ್ಟಿಲಿನ ಮುಂದೆ ಜಮಖಾನೆಯ ಮೇಲೆ ಅಕ್ಕಪಕ್ಕ ಕೂರಿಸಿದರು. ನೀಲವ್ವ ಅಕ್ಕನ ಹೆಗಲ ಮೇಲೆ ಕೈ ಹಾಕಿದರು. ಕಿಂಡಿಯಲ್ಲಿ ನೋಡಿದೆ. ಎಲ್ಲ ಸರಿ ಇತ್ತು. ಒಂದೇ ಕೊರತೆ.

"ತಡೀರಿ! ಮೂಲಿ ಖಾಲಿ ಐತಿ!"

"ಮೊದ್ಲ ಇವರದು ತಗೀ ಮಾರಾಯ್ತಿ" ಎಂದು ಮನೆಯವರು ಕೈ ಮುಗಿದರು. "ಮತ್ತ ಮನಸ್ಸು ತಿರುಗಿದ್ರ ಏನ್ ಮಾಡ್ತಿ?"

"ಕಲಾ ಅಂದ್ರ ಗಡಿಬಿಡಿ ನಡಿಯಂಗಿಲ್ಲ ರೀ."

ಅಡುಗೆಯ ಬಸವಣ್ಣೆಪ್ಪ ಬಾಗಿಲಲ್ಲೇ ನಿಂತಿದ್ದ. ತೊಟ್ಟಿಲಿನ ದಿನ ಹಂಚುವ ಗುಗ್ಗರಿ, ಅಂದರೆ ಗೋಧಿ ಕಡಲೆ ಬೇಯಿಸಿದ್ದು, ಮಾಡಿದವನು ಅವನೇ. ತನ್ನ ಗುಗ್ಗರಿಯ ಬಗ್ಗೆ ಅವನಿಗೆ ಬಹಳ ಅಭಿಮಾನ. "ಇದನ್ನ ಇಡ್ಲೇನ್ರಿ ಅಕ್ಕಾರ?" ಎಂದು ಹಿತ್ತಾಳೆ ಬೋಗುಣಿಯನ್ನೇ ಎತ್ತಿಕೊಂಡು ಬಂದ. ನನ್ನ ಮುಂದೆಯೇ, ಎಡಮೂಲೆಗೆ ಸರಿಯಾಗಿ, ಇಡಿಸಿದೆ. ಗುಂಡಿ ಒತ್ತಿದೆ. ಕೆಂಪು ಚೌಕ ಬೋಗುಣಿಯ ಮೇಲೆ ಮಿನುಗಿತು. ಕ್ಯಾಮೆರಾ 'ಪೀಂ' ಅಂದಿತು. ಅದು ಒಪ್ಪಿಗೆ ಎಂದು ತಿಳಿದೆ.

ಅಕ್ಕ ತಂಗಿ ನಕ್ಕದ್ದು, ತಂಗಿ ಅಕ್ಕನ ಬಾಯಿಗೆ ಸಕ್ಕರೆ ಹಾಕಿದ್ದು, ಇಬ್ಬರೂ ಕೂಸನ್ನು ಒಂದೇ ಮಡಿಲಲ್ಲಿ ಹಿಡಿದದ್ದು, ಎಲ್ಲವನ್ನೂ ತೆಗೆದೆ. ಪ್ರತಿ ಸಲವೂ ಪೀಂ. ಹಿಂದಿನ ಪರದೆಯಲ್ಲಿ ಪರೀಕ್ಷೆಯನ್ನೂ ಮಾಡಿದೆ. ಶಿಸ್ತಿನವಳಲ್ಲವೇ? ಮೂಲೆಯನ್ನಷ್ಟೇ ನೋಡಿದೆ. ಮೂಲೆ ಅದ್ಭುತವಾಗಿತ್ತು!

ಊಟವಾದ ಮೇಲೆ ಅಶ್ವಿನಿಯ ಗಂಡ, ನಮ್ಮ ಅಳಿಯ, ಫೋಟೋಗಳನ್ನು ಟೀವಿಗೆ ಹಚ್ಚುವ ಏರ್ಪಾಟು ಮಾಡಿದ. "ಎಲ್ಲಾರೂ ಕೂಡೇ ನೋಡೂಣು" ಎಂದ. ಎಲೆ ಅಡಿಕೆ ಹಾಕಿಕೊಂಡು ಮೂವತ್ತು ಮಂದಿ ಪಡಸಾಲೆಯಲ್ಲಿ ಕೂತರು. ಅತ್ತೆಗೂ ನೀಲವ್ವನಿಗೂ ಮುಂದೆ ಎರಡು ಕುರ್ಚಿ. ಇಬ್ಬರೂ ಸೆರಗು ಸರಿಮಾಡಿಕೊಂಡರು, ಟೀವಿಯೊಳಗೆ ತಾವು ಬರುವ ಮುಂಚೆ ಅಲಂಕಾರ ಇರಲೆಂದು.

ಮೊದಲನೆಯ ಫೋಟೋ ಬಂತು. ಗುಗ್ಗರಿ.

ಎಂಥ ಗುಗ್ಗರಿ! ಗೋಧಿಯ ನಡುವಿನ ಗೀರು ಕಾಣುತ್ತಿತ್ತು. ಕಡಲೆಯ ಮೂತಿ ಕಾಣುತ್ತಿತ್ತು. ಬೋಗುಣಿಯ ಕಂಠದ ಮೇಲೆ ಕೊರೆಸಿದ ಸರೋಜಾಳ ಅತ್ತೆಯ ಹೆಸರನ್ನು ಹಿಂದಿನ ಸಾಲಿನವರೂ ಓದಬಹುದಾಗಿತ್ತು. ಅದರ ಹಿಂದೆ, ದೂರದಲ್ಲಿ, ಎರಡು ಕೆಂಪು ಮುದ್ದೆಗಳಿದ್ದವು.

ಎರಡನೆಯದು ಬಂತು. ಗುಗ್ಗರಿ. ಮುದ್ದೆಗಳು ಸ್ವಲ್ಪ ಹತ್ತಿರ ಬಂದಿದ್ದವು.

ಮೂರನೆಯದು. ಗುಗ್ಗರಿ. ಮುದ್ದೆಗಳ ನಡುವೆ ಒಂದು ಬಿಳಿ ಚುಕ್ಕೆ. "ಅದು ಕೂಸು" ಎಂದೆ.

ಮನೆಯವರು ನನ್ನನ್ನು ಉಳಿಸಲು ನೋಡಿದರು. "ಗೋಧಿ ಛಲೋ ಅದಾವ. ಒಂದೂ ಹುಳಾ ಹತ್ತಿದ್ದು ಕಾಣಂಗಿಲ್ಲ" ಎಂದರು. ಕಾಳಿನ ವ್ಯಾಪಾರಿಯಾಗಿ ಅವರಿಂದ ಆಗುವ ಸಹಾಯ ಅಷ್ಟೇ.

ಸರೋಜಾಳ ಕಣ್ಣಲ್ಲಿ ನೀರು ತುಂಬಿತ್ತು. ಈ ಸಲದ್ದು ಬೇರೆ ನೀರು. "ವೈನಿ, ಅವ್ವ ಮತ್ತ ಚಿಗವ್ವ ಎಲ್ಲಿ? ಇಷ್ಟು ವರ್ಷಕ್ಕ ಕೂಡಿದ್ರು, ಒಂದರೆ ಮುಖಾ ಬರಬಾರದಾ?" ತಮಾಷೆಯ ಮಾತಲ್ಲ, ತಪ್ಪು ನನ್ನದೇ. ಫೋಟೋದವನನ್ನು ಬೇಡ ಅಂದವಳು ನಾನು. ಮೊಬೈಲು ಕಪಾಟಿಗೆ ಹಾಕಿಸಿದವಳೂ ನಾನು.

ಅಷ್ಟರಲ್ಲಿ ಮುಂದಿನ ಕುರ್ಚಿಗಳಿಂದ ದನಿ ಬಂತು.

"ಎಡಕ ನಗಾಕತ್ತಾಳಲ್ಲ, ಅದು ನಾನು" ಎಂದರು ಅತ್ತೆ.

"ಎಲ್ಲೀದು? ಎಡಕ ಕುಂತಾಕಿ ನಾನು" ಎಂದರು ನೀಲವ್ವ.

"ನೀ ಬಲಕ ಇದ್ದಿ."

"ನಾ ಎಡಕ ಇದ್ದೆ. ನಿನ್ನ ಹೆಗಲ ಮ್ಯಾಲೆ ಕೈ ಹಾಕಿದ್ನೆಲ್ಲ, ಯಾವ ಕೈ ಹೇಳು?"

"ಗುದ್ದಿದ ಕೈನ ಇರಬೇಕು!"

ಅಳಿಯ ಗಾಬರಿಯಿಂದ ಮುಂದಿನ ಫೋಟೋ ಹಾಕಿದ. ಅದೂ ಗುಗ್ಗರಿಯೇ. ನೀಲವ್ವ ಕುರ್ಚಿಯಿಂದ ಅರ್ಧ ಎದ್ದರು. ಸರೋಜಾ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. ಬೆಳಿಗ್ಗೆ ಹೊಲಿದ ಸಂಬಂಧ ನನ್ನ ಮಸುಕಿನಿಂದ ಮಧ್ಯಾಹ್ನಕ್ಕೇ ಹರಿಯುವ ಹಾಗಿತ್ತು. ಇನ್ನು ಮುಂದೆ ಇಬ್ಬರ ನಡುವೆ ಕೂತು ಮಾತು ದಾಟಿಸುವವಳು ಮತ್ತೆ ನಾನೇ!

ನೀಲವ್ವ ಟೀವಿಯ ಹತ್ತಿರ ಹೋಗಿ ಮೂಗು ತಾಗುವಷ್ಟು ಬಾಗಿ ನೋಡಿದರು. ಸೀರೆ ಒಂದೇ, ಅಂಚು ಒಂದೇ, ಮುಖ ಎರಡೂ ಇಲ್ಲ. ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು.

"ಅಕ್ಕಾ, ನಿನ್ನ ಸೊಸಿ ಮಕ್ಕಳಿಗೆ ಏನ್ ಕಲಸ್ತಾಳ ಅಂದಿ?"

"ವಿಜ್ಞಾನ" ಎಂದರು ಅತ್ತೆ.

"ಅಯ್ಯ ಶಿವನ!" ಎಂದರು ನೀಲವ್ವ. "ಪಾಪ ಮಕ್ಕಳು!"

ಮೊದಲು ನಕ್ಕವರು ನಮ್ಮತ್ತೆಯೇ. ಆಮೇಲೆ ನೀಲವ್ವ. ಆಮೇಲೆ ಮೂವತ್ತು ಮಂದಿ. ಅತ್ತೆ ಕುರ್ಚಿಯಿಂದ ಜಾರಿ ನೀಲವ್ವನ ತೋಳು ಹಿಡಿದುಕೊಂಡರು, ನೀಲವ್ವ ಅಕ್ಕನ ಹೆಗಲಿಗೆ ತಲೆ ಇಟ್ಟು "ಗುಗ್ಗರಿ! ಗುಗ್ಗರಿ!" ಎಂದು ನಗುತ್ತಲೇ ಇದ್ದರು. ಅಶ್ವಿನಿ ಓಡಿಹೋಗಿ ಕಪಾಟಿನಿಂದ ಮೊಬೈಲು ತಂದಳು. ನನ್ನ ಅಪ್ಪಣೆ ಕೇಳಲಿಲ್ಲ. ಒಂದೇ ಸಲ ಒತ್ತಿದಳು. ಅಕ್ಕ ತಂಗಿ ಇಬ್ಬರೂ ಸರಿಯಾಗಿ ನಡುವೆಯೇ, ಕಣ್ಣಂಚಿನ ನೀರಿನ ಸಮೇತ, ಸ್ಪಷ್ಟವಾಗಿ ಬಂದರು. ಆ ಫೋಟೋ ಈಗ ನಮ್ಮ ಮನೆಯಲ್ಲೂ ಇದೆ, ಹೆಬ್ಬಳ್ಳಿಯಲ್ಲೂ ಇದೆ. ಅದರಲ್ಲಿ ನಾನೂ ಇದ್ದೇನೆ, ತಲೆ ಮೇಲೆ ಕೈ ಹೊತ್ತುಕೊಂಡು.

ಈಗ ನೀಲವ್ವನಿಂದ ದಿನಾಲೂ ಫೋನು ಬರುತ್ತದೆ. ಅತ್ತೆ ಒಳಗಿನ ಕೋಣೆಗೆ ಹೋಗಿ ಮಾತಾಡುತ್ತಾರೆ. ನನ್ನ ಮುಖಾಂತರ ಮಾತು ದಾಟಿಸುವ ಕೆಲಸ ತಪ್ಪಿತು. ಆದರೆ ಒಳಗಿನಿಂದ ಬರುವ ನಗು ಕೇಳಿದರೆ, ಮಾತಿನ ವಿಷಯ ಯಾರು ಎಂದು ಯಾರೂ ಹೇಳಬೇಕಾಗಿಲ್ಲ.

ಕ್ಯಾಮೆರಾವನ್ನು ತಮ್ಮನಿಗೆ ಮರಳಿ ಕೊಡಬೇಕೆಂದಿದ್ದೆ. ಆಗಲೇ ಒಂದು ಫೋನು ಬಂತು. ಬಸವಣ್ಣೆಪ್ಪ.

"ಅಕ್ಕಾರ, ಆ ಫೋಟೋ ನನಗ ಕೊಡ್ರಿ. ಕಾಳು ಕಾಳು ಎಣಿಸಾಕ ಬರ್ತಾವ. ಇಷ್ಟು ವರ್ಷ ಗುಗ್ಗರಿ ಮಾಡೇನಿ, ಯಾರೂ ಇಷ್ಟು ಮರ್ಯಾದಿ ಕೊಟ್ಟಿಲ್ರಿ!"

ಕೊಟ್ಟೆ. ಕಮರಿಪೇಟೆಯಲ್ಲಿ ಅವನ ಮನೆಯ ಮುಂದೆ ಈಗ ಅದು ದೊಡ್ಡ ಬೋರ್ಡಾಗಿ ನಿಂತಿದೆ. ಕಳೆದ ವಾರ ಸರೋಜಾಳ ಮನೆಗೆ ಹೋಗುವಾಗ ಅದರ ಮುಂದೆ ನಿಂತೆ. ಇಬ್ಬರು ಹೆಂಗಸರು ತಲೆ ಎತ್ತಿ ನೋಡುತ್ತಿದ್ದರು.

"ಎಷ್ಟು ಛಂದ ತಗದಾರ ನೋಡ! ಹಿಂದ ಎರಡು ಒಲಿ ಹೆಂಗ ಧಗಧಗ ಉರಿಯಾಕತ್ತಾವ!" ಎಂದಳು ಒಬ್ಬಳು.

ಆ ಒಲೆಗಳ ಹೆಸರು ನನಗೆ ಗೊತ್ತು. ಬಿರಬಿರನೆ ಮುಂದೆ ನಡೆದೆ. ಅವುಗಳಲ್ಲಿ ಒಂದು ನಮ್ಮ ಮನೆಯಲ್ಲೇ ಇದೆ!